ಮೂಲ ಕೇಳದವನ ಕಿವಿ: ಗಿಟಾರ್ ಆಂಪ್ ಸಾಫ್ಟ್‌ವೇರಿನ ನಾದವನ್ನು ಅಳೆಯುವ ಬಗೆ

ನನ್ನ ದನಿ ಕೇಳಿಸ್ತಾ ಉಂಟಲ್ಲ? ಇಲ್ಲಿ ಕಾಸರಗೋಡಿನಲ್ಲಿ ಜೋರು ಮಳೆ. ಮಾತು ಕಡಿದು ಕಡಿದು ಬಂದರೆ ಹೇಳಿ, ವಿಡಿಯೊ ಆಫ್ ಮಾಡ್ತೇನೆ.

ಕನ್ನಡ ಎಂ.ಎ. ವಿದ್ಯಾರ್ಥಿಗೆ ಗಿಟಾರಿನ ಸಾಫ್ಟ್‌ವೇರಿನ ಉಸಾಬರಿ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಒಂದು ಸಂಗತಿ ಹೇಳಿ ಶುರು ಮಾಡ್ತೇನೆ. ಹೋದ ವರ್ಷ ಒಂದು ತುಳು ಹಾಡಿಗೆ ಮನೆಯಲ್ಲೇ ಗಿಟಾರ್ ನುಡಿಸಿ, ರೆಕಾರ್ಡ್ ಮಾಡಿ ಒಂದು ಸ್ಟುಡಿಯೊಗೆ ಕಳಿಸಿದ್ದೆ. ಅಲ್ಲಿಯವರು ಫೋನ್ ಮಾಡಿ, "ಲಾಯ್ಕ ಬಂದಿದೆ, ಆಂಪ್ ಯಾವುದು?" ಅಂತ ಕೇಳಿದರು. ಆಂಪ್ ಇಲ್ಲ ಅಣ್ಣ, ಲ್ಯಾಪ್‌ಟಾಪಿನಲ್ಲಿ ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೌದಾ... ಈಗ ಕೇಳಿದ್ರೆ ಸ್ವಲ್ಪ ಪ್ಲಾಸ್ಟಿಕ್ ಅನ್ನಿಸ್ತದೆ" ಅಂದರು. ಫೈಲು ಅದೇ, ಕಿವಿಯೂ ಅದೇ. ನಡುವೆ ಸೇರಿದ್ದು ಒಂದು ಮಾಹಿತಿ ಮಾತ್ರ. ಕೊನೆಗೆ ಆ ಭಾಗವನ್ನು ಬೇರೆಯವರಿಂದ ನುಡಿಸಿದರು. ಬೇಸರ ಆಯ್ತು, ಸುಳ್ಳು ಹೇಳುವುದಿಲ್ಲ. ಆದರೆ ಬೇಸರಕ್ಕಿಂತ ಹೆಚ್ಚು ದಿನ ಉಳಿದದ್ದು ಒಂದು ಪ್ರಶ್ನೆ: ಅವರು ತೀರ್ಪು ಕೊಟ್ಟದ್ದು ನಾದದ ಮೇಲೆಯೋ, ಅದರ ಕುಲದ ಮೇಲೆಯೋ?

ಗಿಟಾರ್ ಗೊತ್ತಿಲ್ಲದವರಿಗಾಗಿ ಎರಡು ಮಾತು. ಎಲೆಕ್ಟ್ರಿಕ್ ಗಿಟಾರಿಗೆ ಸ್ವಂತ ದನಿ ಬಹಳ ಕಡಿಮೆ. ತಂತಿಯ ಕಂಪನ ಸಣ್ಣ ವಿದ್ಯುತ್ ಸಂಕೇತವಾಗಿ ಆಂಪ್ಲಿಫಯರಿಗೆ ಹೋಗಿ ಅಲ್ಲಿ ದೊಡ್ಡದಾಗ್ತದೆ. ಹಳೆಯ ಆಂಪ್‌ಗಳಲ್ಲಿ ಈ ಕೆಲಸ ಮಾಡುವುದು ಗಾಜಿನ ವಾಲ್ವ್‌ಗಳು, ನಮ್ಮ ಅಜ್ಜಂದಿರ ರೇಡಿಯೊದಲ್ಲಿ ಇದ್ದಂಥವು. ತಾಳಿಕೊಳ್ಳುವುದಕ್ಕಿಂತ ಹೆಚ್ಚು ಸಂಕೇತ ಬಂದರೆ ಅಲೆಯ ತುದಿಗಳು ಚಪ್ಪಟೆಯಾಗಿ, ಮೂಲದಲ್ಲಿ ಇರದ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಅದೇ ಡಿಸ್ಟಾರ್ಷನ್. ಎಂಜಿನಿಯರಿಗೆ ಅದು ದೋಷ.

ಆದರೆ ರಾಕ್ ಸಂಗೀತದ ಚರಿತ್ರೆ ಅಂದರೆ ಈ ದೋಷವನ್ನು ಪ್ರೀತಿಸಿದವರ ಚರಿತ್ರೆ. 1951ರಲ್ಲಿ ಮೆಂಫಿಸ್‌ನಲ್ಲಿ 'ರಾಕೆಟ್ 88' ಹಾಡಿನ ರೆಕಾರ್ಡಿಂಗ್‌ಗೆ ಬಂದ ಆಂಪ್ ದಾರಿಯಲ್ಲೇ ಹಾಳಾಗಿತ್ತು, ಸ್ಪೀಕರಿನೊಳಗೆ ಕಾಗದ ತುರುಕಿ ನುಡಿಸಿದರು ಎಂಬ ಕಥೆ ಪ್ರಸಿದ್ಧ. 1964ರಲ್ಲಿ ದಿ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಪುಟ್ಟ ಆಂಪಿನ ಸ್ಪೀಕರನ್ನು ಬ್ಲೇಡಿನಿಂದ ತಾನಾಗಿಯೇ ಸೀಳಿದ. ಆಕಸ್ಮಿಕವಾಗಿ ಆದದ್ದನ್ನು ಹದಿಮೂರು ವರ್ಷದ ನಂತರ ಒಬ್ಬ ಬೇಕೆಂದೇ ಮಾಡಿದ.

ಇಲ್ಲಿ ನಮ್ಮ ಕಾವ್ಯಮೀಮಾಂಸೆಯ ತರಗತಿ ನೆನಪಾಗ್ತದೆ. ಶ್ರುತಿದುಷ್ಟ, ಅಂದರೆ ಕಿವಿಗೆ ಒರಟಾಗಿ ಬಡಿಯುವ ಪದ, ದೋಷಗಳ ಪಟ್ಟಿಯಲ್ಲಿ ಉಂಟು. ಆನಂದವರ್ಧನ ಅದನ್ನು ಅನಿತ್ಯ ದೋಷ ಅಂತಾನೆ: ಶೃಂಗಾರದಲ್ಲಿ ಅದು ಬಿಡಬೇಕಾದ್ದು, ರೌದ್ರಕ್ಕೆ ಬಂದರೆ ಒದಗಿಬರುವಂಥದ್ದು. ಅಕ್ಷರ ಬದಲಾಗುವುದಿಲ್ಲ, ರಸ ಬದಲಾಗ್ತದೆ. ಡಿಸ್ಟಾರ್ಷನ್ ಬಗ್ಗೆ ಇದಕ್ಕಿಂತ ಚೆಂದದ ವಿವರಣೆ ನಾನು ಯಾವ ಗಿಟಾರ್ ವಿಮರ್ಶೆಯಲ್ಲೂ ಓದಿಲ್ಲ.

ಈಗ ಸಾಫ್ಟ್‌ವೇರ್. ಇದರಲ್ಲಿ ಸ್ಥೂಲವಾಗಿ ಎರಡು ದಾರಿ. ಒಂದು, ಆಂಪಿನ ಸರ್ಕ್ಯೂಟಿನಲ್ಲಿರುವ ವಾಲ್ವ್, ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್ ಎಲ್ಲವನ್ನೂ ಗಣಿತದ ಸಮೀಕರಣಗಳಾಗಿ ಬರೆಯುವುದು. ಇನ್ನೊಂದು, ಒಳಗೆ ಏನುಂಟು ಅಂತ ನೋಡದೆ, ಆಂಪಿನ ಮೂಲಕ ಒಂದು ಪರೀಕ್ಷಾ ಧ್ವನಿಯನ್ನು ಹಾಯಿಸಿ, ಹೊರಗೆ ಬಂದದ್ದನ್ನು ನರಜಾಲಕ್ಕೆ ಕಲಿಸುವುದು. ಮುಕ್ತ ತಂತ್ರಾಂಶವಾದ 'ನ್ಯೂರಲ್ ಆಂಪ್ ಮಾಡೆಲರ್' ಎರಡನೆಯ ದಾರಿಯದು. ನಾನು ಬಳಸುವುದು ಇದನ್ನೇ. ಸಾಮಾನ್ಯವಾಗಿ ಇದರಲ್ಲಿ ಸಿಗುವ ಒಂದೊಂದು ಮಾದರಿಯೂ ಆಂಪಿನ ಒಂದೇ ಒಂದು ಸ್ಥಿತಿಯ ಪಡಿಯಚ್ಚು. ನಾಬ್‌ಗಳು ಆ ದಿನ ಎಲ್ಲಿದ್ದವೋ ಅಲ್ಲೇ ನಿಂತಿರ್ತವೆ.

ಇಂಥ ಸಾಫ್ಟ್‌ವೇರಿನ ವಿಮರ್ಶೆಗಳಲ್ಲಿ ಬಹುಪಾಲು ಒಂದೇ ಮಾತಿನ ಸುತ್ತ ಸುತ್ತುತ್ತವೆ: ನಿಜದ ಆಂಪಿನ ಹಾಗೆ ಕೇಳಿಸ್ತದಾ, ಇಲ್ಲವಾ. ಅನುವಾದ ವಿಮರ್ಶೆಯ 'ಮೂಲನಿಷ್ಠೆ' ಇದೇ ಅಲ್ಲವಾ? ನನ್ನ ತಕರಾರು ಇಲ್ಲಿಂದ ಶುರು.

ಮೊದಲು, ಮೂಲ ಎಂದರೆ ಯಾವುದು? ಸಾಫ್ಟ್‌ವೇರುಗಳು ಅತಿ ಹೆಚ್ಚು ನಕಲು ಮಾಡಿದ ಆಂಪ್‌ಗಳಲ್ಲಿ ಮಾರ್ಷಲ್ ಒಂದು. ಜಿಮ್ ಮಾರ್ಷಲ್ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದವರು. 1962ರಲ್ಲಿ ಅವರ ಅಂಗಡಿಯಿಂದ ಹೊರಬಂದ ಮೊದಲ ಆಂಪ್ ಅಮೆರಿಕದ ಫೆಂಡರ್ ಬಾಸ್‌ಮನ್‌ನ ಸರ್ಕ್ಯೂಟನ್ನೇ ಅನುಸರಿಸಿತ್ತು. ಆ ಬಾಸ್‌ಮನ್ ಆದರೂ ಬಾಸ್ ಗಿಟಾರಿಗಾಗಿ ಮಾಡಿದ್ದು! ಫೆಂಡರ್‌ನಲ್ಲಿ ಜೆನ್ಸನ್ ಸ್ಪೀಕರ್, ಹಿಂಬದಿ ತೆರೆದ ಪೆಟ್ಟಿಗೆ. ಮಾರ್ಷಲ್‌ನಲ್ಲಿ ಊರಲ್ಲಿ ಸಿಗುವ ಸೆಲೆಷನ್ ಸ್ಪೀಕರ್, ಮುಚ್ಚಿದ ಪೆಟ್ಟಿಗೆ. ನಾದ ಬೇರೆಯೇ ಆಯ್ತು. ಇವತ್ತು ಯಾರೂ ಮಾರ್ಷಲನ್ನು "ಸರಿಯಾಗಿ ಬಾರದ ಬಾಸ್‌ಮನ್" ಅನ್ನುವುದಿಲ್ಲ. ಪಂಪನ ಭಾರತವನ್ನು ಹಿಡಿದುಕೊಂಡು, ವ್ಯಾಸನಲ್ಲಿ ಹೀಗಿಲ್ಲ ಅಂತ ಅಂಕ ಕಳೆಯುವವರನ್ನು ನಾವು ವಿಮರ್ಶಕರು ಅನ್ನುತ್ತೇವಾ?

ಎರಡನೆಯದು, ಹೋಲಿಕೆಯೇ ತಪ್ಪು ಜಾಗದಲ್ಲಿ ನಡೀತದೆ. ಕೋಣೆಯಲ್ಲಿ ಆಂಪ್ ಎದುರು ನಿಂತು ಕೇಳುವ ನಾದ ಒಂದು. ಸ್ಪೀಕರಿಗೆ ನಾಲ್ಕು ಬೆರಳು ದೂರದಲ್ಲಿ ಮೈಕ್ ಇಟ್ಟು ಹಿಡಿದ ನಾದ ಇನ್ನೊಂದು. ಸಾಫ್ಟ್‌ವೇರ್ ಸಾಮಾನ್ಯವಾಗಿ ಕೊಡುವುದು ಎರಡನೆಯದನ್ನು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಯಲ್ಲಿ ಯಕ್ಷಗಾನದ ಆಟ ನಡೆಯುವಾಗ ಚಂಡೆಯ ಹತ್ತಿರ ಕೂತವನಿಗೆ ಅದು ಎದೆಗೆ ಬಡಿಯುತ್ತದೆ. ಅದೇ ಚಂಡೆ ಮೊಬೈಲ್ ರೆಕಾರ್ಡಿಂಗಿನಲ್ಲಿ ತಗಡಿನ ಡಬ್ಬದ ಹಾಗೆ. ಅದಕ್ಕೆ ಚಂಡೆಯನ್ನು ದೂರುವವರುಂಟಾ? ಹೆಡ್‌ಫೋನ್ ಹಾಕಿಕೊಂಡು "ಕೋಣೆಯಲ್ಲಿ ಆಂಪ್ ಇದ್ದ ಹಾಗೆ ಇಲ್ಲ" ಅನ್ನುವ ವಿಮರ್ಶಕ ಮಾಡುವುದು ಇದನ್ನೇ. ನಾವು ಹಾಡುಗಳಲ್ಲಿ ಕೇಳಿ ಮೆಚ್ಚಿದ ಗಿಟಾರೆಲ್ಲ ಬಹುತೇಕ ಮೈಕಿನ ಮೂಲಕ ಬಂದದ್ದೇ.

ಮೂರನೆಯದು ಜೋರಿನ ಮೋಸ. ಸ್ವಲ್ಪ ಜೋರಾಗಿ ಕೇಳಿಸಿದ್ದು ಕಿವಿಗೆ "ಉತ್ತಮ" ಅನ್ನಿಸ್ತದೆ, "ಜೋರು" ಅನ್ನಿಸುವುದಿಲ್ಲ. ಸಣ್ಣ ದನಿಯಲ್ಲಿ ನಮಗೆ ಮಂದ್ರದ ಅಂಶ ಕಡಿಮೆ ಕೇಳಿಸ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ನಾವು ಮೂವರು ಗೆಳೆಯರು ರೂಮಿನಲ್ಲಿ ಕೂತು ಎರಡು ಪ್ಲಗಿನ್ ಹೋಲಿಸಿದೆವು. ದುಬಾರಿಯದ್ದು "ಬೆಚ್ಚಗುಂಟು, ತುಂಬಿಕೊಂಡುಂಟು" ಅಂತ ಮೂವರೂ ಹೇಳಿದೆವು. ಆಮೇಲೆ ಮೀಟರ್ ನೋಡಿ ಎರಡರ ಮಟ್ಟವನ್ನೂ ಸಮ ಮಾಡಿ, ಹೆಸರು ಮುಚ್ಚಿ ಕೇಳಿದಾಗ ಯಾವುದು ಯಾವುದೆಂದು ಹೇಳಲಿಕ್ಕೇ ಆಗಲಿಲ್ಲ. ಮಾನ ಹೋಯ್ತು. ಮೂವರ ಪ್ರಯೋಗದಿಂದ ಸಿದ್ಧಾಂತ ಕಟ್ಟಲಿಕ್ಕೆ ಬರುವುದಿಲ್ಲ. ಆದರೆ ಮಟ್ಟ ಸಮ ಮಾಡದೆ ಬರೆದ ವಿಮರ್ಶೆಯನ್ನು ಆ ದಿನದಿಂದ ನಾನು ನಂಬುವುದಿಲ್ಲ.

ಹಾಗಾದರೆ ಎಲ್ಲವೂ ಅವರವರ ರುಚಿಯಾ? ಅಲ್ಲ. ಮೂಲದ ಜೊತೆ ಹೋಲಿಸದೆ, ಕೃತಿಯ ಒಳಗಿನಿಂದಲೇ ಅಳೆಯುವ ಕೆಲವು ಅಳತೆಗಳುಂಟು. ಡಿಸ್ಟಾರ್ಷನ್ ಹೆಚ್ಚಿಟ್ಟು, ಮೇಲಿನ ಸ್ಥಾಯಿಯ ಒಂದು ಸ್ವರ ಹಿಡಿದು ತಂತಿಯನ್ನು ನಿಧಾನ ಎಳೆಯಿರಿ. ಸ್ವರ ಮೇಲೆ ಹೋಗಬೇಕು. ಅದರ ಹಿಂದೆ ಇನ್ನೊಂದು ಸಣ್ಣ ಶಿಳ್ಳೆ ಕೆಳಗೆ ಇಳಿಯುತ್ತಾ ಕೇಳಿಸಿದರೆ ಆ ಸಾಫ್ಟ್‌ವೇರ್ ಸೋತಿತು. ಸೆಕೆಂಡಿಗೆ 48,000 ಮಾದರಿ ತೆಗೆಯುವ ವ್ಯವಸ್ಥೆ 24,000 ಹರ್ಟ್ಸ್‌ವರೆಗೆ ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಡಿಸ್ಟಾರ್ಷನ್ ಹುಟ್ಟಿಸಿದ ಅದಕ್ಕಿಂತ ಮೇಲಿನ ಅಂಶಗಳು ಮಡಚಿಕೊಂಡು ಕೆಳಗೆ ಬರ್ತವೆ, ಸ್ವರಕ್ಕೆ ಸಂಬಂಧವೇ ಇಲ್ಲದ ಜಾಗದಲ್ಲಿ. ಇದಕ್ಕೆ ಏಲಿಯಾಸಿಂಗ್ ಅಂತ ಹೆಸರು. ಇದು ಯಾವ ರಸಕ್ಕೂ ಒದಗದ ದೋಷ, ನಿತ್ಯ ದೋಷ ಅನ್ನಿ. ಇದನ್ನು ಹಿಡಿಯಲಿಕ್ಕೆ ಮಾರ್ಷಲ್ ಕೇಳಿರಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪರೀಕ್ಷೆ ಕೈಯದು. ಗಿಟಾರಿನ ವಾಲ್ಯೂಮ್ ನಾಬನ್ನು ಹತ್ತರಿಂದ ನಾಲ್ಕಕ್ಕೆ ಇಳಿಸಿ. ಒಳ್ಳೆಯ ಆಂಪ್ ಬರೇ ಸಣ್ಣ ದನಿ ಮಾಡುವುದಿಲ್ಲ. ಅದರ ಸ್ವಭಾವವೇ ತಿಳಿಯಾಗ್ತದೆ, ಒರಟು ಕರಗುತ್ತದೆ. ಮತ್ತೆ ಜೋರಾಗಿ ಮೀಟಿದರೆ ತಿರುಗಿ ಗದರುತ್ತದೆ. ಒಂದು ಸ್ವರವನ್ನು ಮೀಟಿ ಬಿಟ್ಟು ಅದು ಪೂರ್ತಿ ಸಾಯುವವರೆಗೆ ಕಾಯಿರಿ. ಕೆಟ್ಟ ಸಾಫ್ಟ್‌ವೇರಿನಲ್ಲಿ ಕೊನೆಗೆ ಚರಚರ ಅಂತ ಹರಿದುಹೋಗುತ್ತದೆ, ಒಳ್ಳೆಯದರಲ್ಲಿ ದೀಪ ಆರಿದ ಹಾಗೆ. ನ್ಯೂರಲ್ ಮಾದರಿಗಳನ್ನು ಹಂಚುವವರು ಅದು ಮೂಲದಿಂದ ಎಷ್ಟು ತಪ್ಪಿದೆ ಎಂಬ ಒಂದು ಸಂಖ್ಯೆಯನ್ನೂ ಕೊಡುವುದುಂಟು. ಸಂಖ್ಯೆ ಸಣ್ಣದಾದಷ್ಟೂ ಒಳ್ಳೆಯದು. ಆದರೆ ಅದು ಇಡೀ ಪರೀಕ್ಷಾ ಧ್ವನಿಯ ಮೇಲಿನ ಒಟ್ಟು ಲೆಕ್ಕ, ಜೋರಿನ ಭಾಗಗಳದ್ದೇ ಅದರಲ್ಲಿ ಮೇಲುಗೈ. ಸ್ವರ ಸಾಯುವ ಆ ಕೊನೆಯ ಎರಡು ಸೆಕೆಂಡಿನ ಸುದ್ದಿ ಅದರಲ್ಲಿ ಸಿಗುವುದಿಲ್ಲ.

ತಡವಾಗಿ ಕೇಳಿಸುವ ದೂರನ್ನು ಬೇಗ ಮುಗಿಸ್ತೇನೆ. 128 ಮಾದರಿಗಳ ಬಫರ್ ಅಂದರೆ 2.7 ಮಿಲಿಸೆಕೆಂಡು. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ ಒಂದು ಮೀಟರಿಗೂ ಕಡಿಮೆ ಹೋಗ್ತದೆ. ಒಳಗೆ ಹೊರಗೆ ಎಲ್ಲ ಸೇರಿಸಿ ಮೂರು ಪಟ್ಟು ಅಂತ ಇಟ್ಟರೂ ಆಂಪಿನಿಂದ ಮೂರು ಹೆಜ್ಜೆ ಹಿಂದೆ ನಿಂತ ಹಾಗೆ. ವೇದಿಕೆಯಲ್ಲಿ ಅದಕ್ಕಿಂತ ದೂರ ನಿಂತು ನುಡಿಸುವವರೇ ಇದನ್ನು ದೂರುವುದು ನನಗೆ ತಮಾಷೆ.

ಇನ್ನು ನಾನು ಯಾಕೆ ಇಷ್ಟು ಹಚ್ಚಿಕೊಂಡೆ ಅನ್ನುವುದು. ನನ್ನ ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಕನ್ನಡ ಬಂದದ್ದು ಶಾಲೆಯಿಂದ, ಪುಸ್ತಕದಿಂದ, ಆಕಾಶವಾಣಿಯಿಂದ. ಗಿಟಾರಿನ ನಾದ ಬಂದದ್ದೂ ಹಾಗೆಯೇ, ಇಯರ್‌ಫೋನಿನಿಂದ. ಗಡಿ ದಾಟಿ ಆಚೆ ಹೋದಾಗ "ನಿಮ್ಮದು ಪುಸ್ತಕದ ಕನ್ನಡ" ಅಂತ ನಗುವವರು ಸಿಗ್ತಾರೆ. ಪ್ರೀತಿಯಿಂದಲೇ ಹೇಳ್ತಾರೆ, ಆದರೂ ಹೇಳ್ತಾರೆ. ಪಡಿಯಚ್ಚಿನಿಂದ ಕಲಿತವನಿಗೆ ತೀರ್ಪು ಕೊಡುವ ಹಕ್ಕಿಲ್ಲ ಎಂಬ ನಂಬಿಕೆ ಎರಡೂ ಕಡೆ ಉಂಟು. ವಾಲ್ವ್ ಆಂಪ್ ಕೊಳ್ಳುವ ದುಡ್ಡು ನನ್ನಲ್ಲಿಲ್ಲ, ಕೊಂಡರೂ ಬಾಡಿಗೆ ರೂಮಿನಲ್ಲಿ ಅದನ್ನು ಜೋರಿಡಲಿಕ್ಕೆ ಓನರ್ ಬಿಡುವುದಿಲ್ಲ. ನನ್ನ ಕಿವಿ ಪಳಗಿದ್ದು ಸಾಫ್ಟ್‌ವೇರಿನಲ್ಲೇ. ಆ ಕಿವಿಯಿಂದಲೇ ಒಳ್ಳೆಯ ಮಾದರಿ ಯಾವುದು, ಕೆಟ್ಟದ್ದು ಯಾವುದು ಅಂತ ಹೇಳಬಲ್ಲೆ, ಕಾರಣ ಸಹಿತ.

ಚಾಟ್‌ನಲ್ಲಿ ಸೊಲ್ಲಾಪುರದ ಗೆಳೆಯರೊಬ್ಬರು ಕೇಳಿದ್ದಾರೆ: "ಹಂಗಾದ್ರ ಖರೇ ಆಂಪ್ ಕೇಳೋದ ಬ್ಯಾಡೇನು?" ಬೇಕು, ಖಂಡಿತ ಬೇಕು. ಮಂಗಳೂರಿನ ಒಂದು ಅಂಗಡಿಯಲ್ಲಿ ಒಮ್ಮೆ ಹತ್ತು ನಿಮಿಷ ನುಡಿಸಿದ್ದೆ. ಪ್ಯಾಂಟಿನ ಮಡಿಕೆ ಅಲುಗುವಷ್ಟು ಗಾಳಿ ಕಾಲಿಗೆ ಬಡಿಯಿತು, ಆ ಅನುಭವ ಹೆಡ್‌ಫೋನಿನಲ್ಲಿ ಇಲ್ಲವೇ ಇಲ್ಲ. ಆದರೆ ಅದು ದೊಡ್ಡ ಸ್ಪೀಕರಿನ ಗುಣ. ಇದೇ ಸಾಫ್ಟ್‌ವೇರನ್ನು ಅದೇ ಪೆಟ್ಟಿಗೆಗೆ ಜೋಡಿಸಿ ಕೇಳಿದ ಮೇಲೆ ಆ ಮಾತು ಆಡೋಣ. ಸದ್ಯಕ್ಕೆ ನಮ್ಮ ವಿಭಾಗದ ಗುಂಪಿಗೆ ಇವತ್ತು ಸಂಜೆ ಎರಡು ಫೈಲು ಹಾಕ್ತೇನೆ, ಮಟ್ಟ ಸಮ ಮಾಡಿ. ಯಾವುದು ಏನು ಅಂತ ಬರೆಯುವುದಿಲ್ಲ. ಕೇಳಿ, ಬರೆದು ಕಳಿಸಿ, ಆಮೇಲೆ ಹೇಳ್ತೇನೆ.