ಒಂದು ಸಾಲೂ ಹೆಚ್ಚಿಲ್ಲದ ‘ಇಲ್‌ಮ್ಯಾಟಿಕ್’

1994ರಲ್ಲಿ ಈ ಆಲ್ಬಂ ಬಂದಾಗ ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದ ಹುಡುಗ, ರ್ಯಾಪರ್ ನ್ಯಾಸ್‌ಗೆ ಇನ್ನೂ 20 ವರ್ಷ. ಹತ್ತೇ ಟ್ರ್ಯಾಕ್, 40 ನಿಮಿಷವೂ ಇಲ್ಲ. ಬೇಡವೆನಿಸುವ ಒಂದು ಸಾಲೂ ನನಗೆ ಸಿಕ್ಕಿಲ್ಲ.

‘ಎನ್.ವೈ. ಸ್ಟೇಟ್ ಆಫ್ ಮೈಂಡ್’ ಕೇಳಿ. ನಿರ್ಮಾಪಕ ಡಿಜೆ ಪ್ರೀಮಿಯರ್ ಹಳೆಯ ಜಾಝ್ ರೆಕಾರ್ಡಿನಿಂದ ಪಿಯಾನೊದ ಮಂದ್ರದ ತುಣುಕೊಂದನ್ನು ಎತ್ತಿ ಮತ್ತೆ ಮತ್ತೆ ಸುತ್ತಿಸುತ್ತಾನೆ. ಅದರ ಮೇಲೆ ನ್ಯಾಸ್, ಪ್ರಾಸಕ್ಕಾಗಿ ಸಾಲಿನ ಕೊನೆಯವರೆಗೆ ಕಾಯುವವನೇ ಅಲ್ಲ. ನಡುವೆಯೇ ಎರಡು ಮೂರು ಕಡೆ ಪ್ರಾಸ ಕೂಡಿಸಿ, ವಾಕ್ಯವನ್ನು ಮುಂದಿನ ತಾಳಕ್ಕೆ ದಾಟಿಸಿಬಿಡುತ್ತಾನೆ. ಉಸಿರು ಎಲ್ಲಿ ಎಳೆದುಕೊಂಡ ಎಂದು ನಾವೇ ಹುಡುಕಬೇಕು!

ಮೂರನೇ ಟ್ರ್ಯಾಕಿನ ಕೊನೆಗೆ ಬರುವ ಕಾರ್ನೆಟ್ ಅವನ ತಂದೆ ಓಲು ದಾರಾ ನುಡಿಸಿದ್ದು. ಎಂಥ ಮೃದು ಊದು ಅದು. ‘ಒನ್ ಲವ್’ ಅಂತೂ ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಕಾಗದ. ಓಣಿಯ ಕೆಟ್ಟ ಸುದ್ದಿಯನ್ನೆಲ್ಲ ಒಪ್ಪಿಸುವಾಗಲೂ ದನಿ ಏರುವುದಿಲ್ಲ. ರ್ಯಾಪ್‌ನಲ್ಲಿ ಇದಕ್ಕಿಂತ ಒಳ್ಳೆಯ ಪತ್ರ ನಾನು ಕೇಳಿಲ್ಲ.