ಜನರೇಟರಿನ ಪಾಠದಲ್ಲಿ ಯಂತ್ರ ಸವೆಯುವುದೇ ಇಲ್ಲ

ದ್ವಿತೀಯ ಪಿಯುಸಿಗೆ ನಿಗದಿಯಾದ ಎನ್.ಸಿ.ಇ.ಆರ್.ಟಿ. ಭೌತವಿಜ್ಞಾನ ಪುಸ್ತಕದಲ್ಲಿ ಎ.ಸಿ. ಜನರೇಟರಿನ ಪಾಠ ಚಿಕ್ಕದು, ಅಚ್ಚುಕಟ್ಟಾದುದು. ಕಾಂತಕ್ಷೇತ್ರ, ಸುರುಳಿ, ಸ್ಲಿಪ್ ರಿಂಗ್, ಬ್ರಷ್, ಕೊನೆಗೆ ಸೈನ್ ರೇಖೆ. ಆದರೆ ಭಾರತದಲ್ಲಿ ತಿರುಗುವಿಕೆಯ ಆವೃತ್ತಿಯೇ 50 ಹರ್ಟ್ಸ್ ಎಂಬರ್ಥದ ಮಾತೊಂದು ಅಲ್ಲಿ ನುಸುಳಿದೆ. ಎರಡು ಧ್ರುವಗಳ ಯಂತ್ರಕ್ಕೆ ಮಾತ್ರ ಅದು ನಿಜ. ಆಸ್ಪತ್ರೆಯ ಹಿಂದೆ ಗುಡುಗುಡು ಎನ್ನುವ ಡೀಸೆಲ್ ಜನರೇಟರು ಸಾಮಾನ್ಯವಾಗಿ ನಾಲ್ಕು ಧ್ರುವಗಳದು. ಅದು ನಿಮಿಷಕ್ಕೆ 1500, ಅಂದರೆ ಸೆಕೆಂಡಿಗೆ 25 ಸುತ್ತು ತಿರುಗಿ 50 ಹರ್ಟ್ಸ್ ವಿದ್ಯುತ್ತು ಕೊಡುತ್ತದೆ. ಇದನ್ನು ಒಂದು ವಾಕ್ಯದಲ್ಲಿ ತಿದ್ದಬಹುದು.

ನನ್ನ ಮುಖ್ಯ ಆಕ್ಷೇಪ ಬೇರೆ. ಈ ಪಾಠದ ಯಂತ್ರ ಸವೆಯುವುದೇ ಇಲ್ಲ. ದಿನವಿಡೀ ಓಡುವ 1500 ಸುತ್ತಿನ ಯಂತ್ರ ದಿನಕ್ಕೆ 21.6 ಲಕ್ಷ ಸುತ್ತು ತಿರುಗುತ್ತದೆ. ಇಂಥ ಎಂಜಿನ್ನುಗಳ ಎಣ್ಣೆ ಮತ್ತು ಫಿಲ್ಟರುಗಳನ್ನು 250 ಗಂಟೆಗೊಮ್ಮೆ ಬದಲಿಸುವುದು ವಾಡಿಕೆ. ಹಗಲಿರುಳು ಓಡಿಸಿದರೆ ಆ ಅವಧಿ ಹತ್ತೂವರೆ ದಿನದೊಳಗೇ ಮುಗಿಯುತ್ತದೆ. ಆಗ ಯಂತ್ರ ನಿಲ್ಲಬೇಕು, ವಿದ್ಯುತ್ತು ಮಾತ್ರ ನಿಲ್ಲಬಾರದು. ಅದಕ್ಕೆ ಎರಡನೆಯ ಯಂತ್ರ ಬೇಕು. ಎರಡರ ವೋಲ್ಟೇಜು, ಆವೃತ್ತಿ, ಪ್ರಾವಸ್ಥೆಗಳು ಸರಿಹೊಂದಿದ ಕ್ಷಣದಲ್ಲಿ ಅವನ್ನು ಜೋಡಿಸಿ, ಹೊರೆಯನ್ನು ವರ್ಗಾಯಿಸಿ, ಮೊದಲನೆಯದನ್ನು ನಿಲ್ಲಿಸುತ್ತಾರೆ. ವಿದ್ಯಾರ್ಥಿ ಬಿಡಿಸಿದ ಸೈನ್ ರೇಖೆಗೆ ನಿಜವಾದ ಕೆಲಸ ಸಿಗುವುದು ಇಲ್ಲಿ. ಪಾಠ ಅಲ್ಲಿಗೆ ಹೋಗುವುದೇ ಇಲ್ಲ.

ಹಾಗೆಂದು ಅಗತ್ಯಕ್ಕಿಂತ ದೊಡ್ಡ ಯಂತ್ರ ಕೊಳ್ಳುವುದೂ ಜಾಣತನವಲ್ಲ. ಸಾಮರ್ಥ್ಯದ ಶೇ. 30ಕ್ಕೂ ಕಡಿಮೆ ಹೊರೆಯಲ್ಲಿ ಬಹುಕಾಲ ಓಡಿದರೆ ಸಿಲಿಂಡರು ಸಾಕಷ್ಟು ಕಾಯುವುದಿಲ್ಲ. ಪೂರ್ತಿ ಉರಿಯದ ಡೀಸೆಲ್ಲು, ಮಸಿ ಹೊಗೆಕೊಳವೆಯಲ್ಲಿ ಕಟ್ಟಿಕೊಳ್ಳುತ್ತವೆ. ಇನ್ನು ಫಲಕದ ಮೇಲಿನ ಕೆ.ವಿ.ಎ. ಯಾವ ಬಗೆಯದೆಂದು ಓದುವವರು ವಿರಳ. ಐ.ಎಸ್.ಒ. 8528 ಮಾನಕದ ಪ್ರಕಾರ ತುರ್ತು ಬಳಕೆಯ ಸಾಮರ್ಥ್ಯ ವರ್ಷಕ್ಕೆ 200 ಗಂಟೆಗೆ ಸೀಮಿತ. ನಿರಂತರ ಬಳಕೆಯದು ಬೇರೆ, ಅದೇ ಯಂತ್ರಕ್ಕೆ ಇನ್ನೂ ಕಡಿಮೆ.

ನನಗೆ ಗೊತ್ತಿರುವ ಒಂದು ವಿದ್ಯಾರ್ಥಿನಿಲಯದಲ್ಲಿ ಎಣ್ಣೆ ಬದಲಿಸಿದ ದಿನಾಂಕ ಗೋಡೆಯ ಮೇಲಿತ್ತು, ಓಡಿದ ಗಂಟೆಗಳ ಲೆಕ್ಕ ಇರಲಿಲ್ಲ. ದಿನಾಂಕದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಪರೀಕ್ಷೆಯ ವಾರದಲ್ಲಿ ಎಂಜಿನ್ ಜಾಮ್ ಆಯಿತು. ಅದನ್ನು ನೋಡಿಕೊಳ್ಳುತ್ತಿದ್ದವರು ವಿಜ್ಞಾನ ಪದವೀಧರರೇ.

ವಿದ್ಯುಚ್ಚಾಲಕ ಬಲ ಕಂಡುಹಿಡಿಯುವ ಅಭ್ಯಾಸಗಳ ನಡುವೆ ಉಪಾಧ್ಯಾಯರು ಇಂಥದೊಂದನ್ನೂ ಸೇರಿಸಬಹುದು: ಗಂಟೆಮಾಪಕ 4120 ತೋರಿಸುತ್ತಿದೆ. ಎಣ್ಣೆ ಬದಲಿಸಿದ್ದು 3905ರಲ್ಲಿ. ಈಗ ಸೋಮವಾರ ಬೆಳಿಗ್ಗೆ 6. ಯಂತ್ರ ಬಿಡುವಿಲ್ಲದೆ ಓಡುತ್ತಿದ್ದರೆ, ಎರಡನೆಯದನ್ನು ಎಷ್ಟು ಹೊತ್ತಿನೊಳಗೆ ಜೋಡಿಸಿರಬೇಕು? ಉತ್ತರ, ಮಂಗಳವಾರ ಸಂಜೆ 5.