ಬಾವುಟಗುಡ್ಡೆ ಮತ್ತು ಬಿಕರ್ನಕಟ್ಟೆ: ಸ್ಥಳಸ್ಮೃತಿಯ ಒಂದು ವಿವೇಚನೆ

ಮಂಗಳೂರಿನ ಸ್ಥಳನಾಮಗಳಲ್ಲಿ ಗುಡ್ಡೆ, ಪದವು, ಬೈಲು, ಕಟ್ಟೆ ಎಂಬ ಪದಗಳು ಮತ್ತೆ ಮತ್ತೆ ಎದುರಾಗುತ್ತವೆ. ಇವು ಕೇವಲ ಭೂಲಕ್ಷಣದ ಸೂಚಕಗಳಲ್ಲ. ಗುಡ್ಡೆಯ ನೆತ್ತಿ ಸಾಮಾನ್ಯವಾಗಿ ಆಳುವವರ ಕಾವಲಿಗೆ ಒದಗಿದ ಎಡೆ. ಕಟ್ಟೆಯಾದರೋ ದಾರಿಗಳು ಕೂಡುವಲ್ಲಿ, ಮರದ ಬುಡದಲ್ಲಿ, ದಾರಿಹೋಕರೂ ಉತ್ಸವದ ದೇವರೂ ತಂಗುವ ಎಡೆ. 1837ರ ರೈತಬಂಡಾಯ ಈ ಎರಡನ್ನೂ ಮುಟ್ಟಿತು. ಆದರೆ ನಗರದ ಸ್ಮಾರಕಪ್ರಜ್ಞೆ ಗುಡ್ಡೆಯತ್ತಲೇ ವಾಲಿರುವುದು ಪರಿಶೀಲನೆಗೆ ಅರ್ಹವಾದ ಸಂಗತಿ.

1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಈಸ್ಟ್ ಇಂಡಿಯಾ ಕಂಪೆನಿ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿತು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ನೇತೃತ್ವದ ಬಂಡುಕೋರರು ಬೆಳ್ಳಾರೆಯ ಖಜಾನೆಯನ್ನು ಹಿಡಿದು, 1837ರ ಏಪ್ರಿಲ್ 5ರಂದು ಮಂಗಳೂರನ್ನು ವಶಪಡಿಸಿಕೊಂಡು ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜವೇರಿಸಿದರು. ಸುಮಾರು ಎರಡು ವಾರಗಳಲ್ಲಿ ಆ ಆಳ್ವಿಕೆ ಮುಗಿಯಿತು. ಲಕ್ಷ್ಮಪ್ಪ ಬಂಗರಸ ಹಾಗೂ ಕಲ್ಯಾಣಪ್ಪನೆಂದು ಹೆಸರಾದ ನಾಯಕನನ್ನು ಗಲ್ಲಿಗೇರಿಸಿದ್ದು ಕುಲಶೇಖರಕ್ಕೆ ತಾಗಿದ ಬಿಕರ್ನಕಟ್ಟೆಯಲ್ಲಿ, ಬಹಿರಂಗವಾಗಿ. ಜನ ನೋಡಬೇಕೆಂದೇ ಕಟ್ಟೆಯನ್ನು ಆರಿಸಿದಂತೆ ತೋರುತ್ತದೆ.

ಬಾವುಟಗುಡ್ಡೆಯ ಹೆಸರು ಈ ಧ್ವಜಾರೋಹಣದಿಂದಲೇ ಬಂತೆಂಬ ವಿವರಣೆ ಜನಪ್ರಿಯ. ಆದರೆ ಬಂಡುಕೋರರು ಅಲ್ಲಿ ಹಾರುತ್ತಿದ್ದ ಕಂಪೆನಿಯ ಬಾವುಟವನ್ನು ಮೊದಲು ಇಳಿಸಿದರೆಂದು ಅದೇ ಕಥನ ಹೇಳುತ್ತದೆ. ಹಾಗಾದರೆ ಗುಡ್ಡೆ ಅದಕ್ಕೂ ಮೊದಲೇ ಬಾವುಟದ ಗುಡ್ಡೆಯಾಗಿತ್ತು. ಬಂಡಾಯ ಆ ಹೆಸರಿಗೆ ಹೊಸ ಅರ್ಥವನ್ನು ತುಂಬಿತು ಎನ್ನುವುದೇ ಯುಕ್ತ. ಅಲ್ಲಿನ ಹಳೆಯ ದೀಪಸ್ತಂಭವನ್ನು ಜನ ಹೈದರಾಲಿಯ ಕಾವಲುಗೋಪುರವೆನ್ನುವುದೂ ಇಂತಹದೇ ಪ್ರವೃತ್ತಿ: ಎತ್ತರದ ಕಟ್ಟಡಕ್ಕೆ ಜನಪದರು ಒಬ್ಬ ದೊರೆಯನ್ನು ಒದಗಿಸಿಬಿಡುತ್ತಾರೆ. ಇದೇ ಏರಿನಲ್ಲಿ 1880ರಲ್ಲಿ ಇಟಲಿಯ ಜೆಸ್ವಿಟರು ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜು, ಆಂತೋನಿಯೊ ಮೊಸ್ಕೇನಿ 1899ರಿಂದ ಚಿತ್ರಿಸಿದ ಅದರ ಪ್ರಾರ್ಥನಾಲಯ, ಟಾಗೋರ್ ಉದ್ಯಾನ ಇವೆ. 2022ರ ನವೆಂಬರಿನಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಹೀಗೆ ಯಾರೊಬ್ಬರೂ ಸಮಗ್ರವಾಗಿ ಯೋಜಿಸದ ಈ ಆವರಣ ಪದರಪದರವಾಗಿ ಬೆಳೆದಿದೆ. ಪ್ರತಿಯೊಂದು ಪದರವೂ ಎತ್ತರವನ್ನೇ ಬಯಸಿದೆ.

ತುಳುನಾಡಿನ ಮಾತಿನಲ್ಲಿ ಈ ಬಂಡಾಯ 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿ ಎಂದರೆ ಉಪದ್ರವ, ಲೂಟಿ. ಇಂದಿನ ಬರಹಗಳ 'ಅಮರಸುಳ್ಯ ಸ್ವಾತಂತ್ರ್ಯ ಸಮರ'ಕ್ಕೂ ಈ ಪದಕ್ಕೂ ನಡುವಿನ ಅಂತರ ಚಿಕ್ಕದಲ್ಲ. ಇದನ್ನು ಕೇವಲ ಕಂಪೆನಿಯ ಅಪಪ್ರಚಾರವೆಂದು ತಳ್ಳಿಹಾಕುವುದು ಸುಲಭ, ಆದರೆ ಸಾಲದು. ದಂಡು ಹಾದುಹೋದ ಊರುಗಳ ಭಯವೂ ಪದದಲ್ಲಿ ಉಳಿದಿರಬೇಕು. ನಿರಂಜನರ 'ಕಲ್ಯಾಣಸ್ವಾಮಿ' ಕಾದಂಬರಿ ಈ ವಸ್ತುವನ್ನು ಸಾಹಿತ್ಯಕ್ಕೆ ತಂದಿತು. ಪ್ರತಿಮೆಯ ಭಾಷೆಯಲ್ಲಾದರೋ ವಿಜಯದ ಕ್ಷಣಕ್ಕೆ ಮಾತ್ರ ಎಡೆ. ಸೋಲು, ಭಯ, ಗಲ್ಲು ಅದಕ್ಕೆ ಒಗ್ಗುವುದಿಲ್ಲ.

ಬಿಕರ್ನಕಟ್ಟೆಗೆ ಅಂತಹ ಪೀಠ ದೊರೆಯಲಿಲ್ಲ. ಕುಲಶೇಖರದ ಮೂಲಕ ಕಾರ್ಕಳದ ಕಡೆಗೆ ಸಾಗುವ 169ನೆಯ ರಾಷ್ಟ್ರೀಯ ಹೆದ್ದಾರಿಯ ಬಿಕರ್ನಕಟ್ಟೆ–ಸಾಣೂರು ಭಾಗ ಚತುಷ್ಪಥದ ಯೋಜನೆಗೆ ಒಳಪಟ್ಟಿದೆ. ರಸ್ತೆ ಹಿಗ್ಗಿದಂತೆ ಕುಳಿತು ಮಾತನಾಡುವ ಜಾಗ ಕುಗ್ಗುತ್ತದೆ. ಇಲ್ಲಿ ಎರಡನೆಯ ಪ್ರತಿಮೆಯ ಅಗತ್ಯವಿಲ್ಲ. ಮರದ ನೆರಳಿನಲ್ಲಿ ನಾಲ್ಕು ಜನ ಕೂರಬಹುದಾದ ಕೆಂಪುಕಲ್ಲಿನ ಒಂದು ಕಟ್ಟೆ, ಅದರ ಮೇಲೆ ಗಲ್ಲಿಗೇರಿದವರ ಹೆಸರು, ಜೊತೆಗೆ 'ಸಮರ', 'ಕಾಟಕಾಯಿ' ಎಂಬ ಎರಡೂ ಪದಗಳು ಇದ್ದರೆ ಸಾಕು. ಹೆದ್ದಾರಿಯ ನಕ್ಷೆಯಲ್ಲಿ ಅಷ್ಟು ಜಾಗ ಹುಡುಕುವುದು ಕಷ್ಟವಾಗಲಾರದು.